ಕೀಲೆಣ್ಣೆ ಬೇಡದ ಕೀಲು

ಬಂಡಿಯ ಅಚ್ಚು ಒಣಗಿತೆಂದರೆ ಅದರ ಕೂಗು ಊರಾಚೆಯ ಹೊಲದವರೆಗೆ ಕೇಳುತ್ತದೆ. ಹೂವಿನಹಡಗಲಿ ತಾಲ್ಲೂಕಿನ ನಮ್ಮ ಇಟ್ಟಿಗಿಯಲ್ಲಿ, ನಾನು ಚಿಕ್ಕವನಿದ್ದಾಗ, ಜೋಳದ ಸೊಪ್ಪೆ ಹೇರಿಕೊಂಡು ಬರುತ್ತಿರುವ ಬಂಡಿ ಯಾರ ಮನೆಯದೆಂದು ಹೆಂಗಸರು ಒಳಗೆ ಕೂತೇ ಆ ಕಿರುಗುಟ್ಟುವ ಸದ್ದಿನಿಂದ ಹೇಳಿಬಿಡುತ್ತಿದ್ದರು. ಅಪ್ಪನಿಗೆ ಮಾತ್ರ ಆ ಸದ್ದು ಆಗುತ್ತಿರಲಿಲ್ಲ. ‘ಗಾಲಿ ಎಣ್ಣಿ ಕೇಳಾಕತ್ತೈತಿ’ ಎಂದವನೇ ಕಡಾಣಿ ಕಿತ್ತು, ಗಾಲಿ ಸರಿಸಿ, ಬಂಡಿಯಡಿಗೆ ತೂಗುಬಿಟ್ಟ ಗೊಟ್ಟದಿಂದ ಕೀಲೆಣ್ಣೆ ತೆಗೆದು ಅಚ್ಚಿಗೆ ಬಳಿಯುತ್ತಿದ್ದ. ಹರಳೆಣ್ಣೆಗೆ ಸುಟ್ಟ ಹುಲ್ಲಿನ ಮಸಿ ಕಲಸಿದ ಕರಿ ಮುದ್ದೆ ಅದು. ಅಂಗಿಗೆ ಹತ್ತಿದರೆ ಹೋಗುತ್ತಿರಲಿಲ್ಲ.

ಅದೇ ಕಾಲದಲ್ಲಿ ಅಜ್ಜಿ ಬಚ್ಚಲಲ್ಲಿ ಜಾರಿಬಿದ್ದಳು. ನಮ್ಮ ಮೈಲಾರದ ಡೆಂಕನಮರಡಿಯಲ್ಲಿ ಗೊರವಯ್ಯ ಬಿಲ್ಲೇರಿ ಕಾರ್ಣಿಕ ನುಡಿದು ಕೆಳಗೆ ಬೀಳುವಾಗ ಹಿಡಿದುಕೊಳ್ಳಲು ಎಷ್ಟೋ ಕೈಗಳು ಕಾದಿರುತ್ತವೆ. ಅಜ್ಜಿ ಬಿದ್ದಾಗ ಅಲ್ಲಿ ಒಂದು ತಂಬಿಗೆ ಬಿಟ್ಟರೆ ಏನೂ ಇರಲಿಲ್ಲ. ಎತ್ತಿ ತಂದು ಮಲಗಿಸಿದಾಗ ಅವಳ ಬಲಗಾಲು ಎಡಗಾಲಿಗಿಂತ ಎರಡು ಬೆರಳು ಗಿಡ್ಡವಾಗಿತ್ತು, ಪಾದ ಹೊರಕ್ಕೆ ವಾಲಿತ್ತು. ‘ಟೊಂಕ ಮುರದೈತಿ’ ಎಂದರು ಹಿರಿಯರು. ಪುತ್ತೂರು ಕಟ್ಟು ಕಟ್ಟುವವರನ್ನು ಕರೆಸಿದರು. ಮೊಟ್ಟೆಯ ಬಿಳಿ, ಸೊಪ್ಪಿನ ರಸ, ಬಿದಿರಿನ ದಬ್ಬೆ. ಕೈ ಮುರಿದ ಎಷ್ಟೋ ಮಕ್ಕಳನ್ನು ನೆಟ್ಟಗೆ ಮಾಡಿದ್ದ ಕಟ್ಟು ಅದು. ಅಜ್ಜಿಗೆ ಫಲಿಸಲಿಲ್ಲ. ಮೊದಲು ಬೆನ್ನಿಗೆ ಹುಣ್ಣಾಯಿತು, ಆಮೇಲೆ ಎದೆಯಲ್ಲಿ ಕಫ ಕಟ್ಟಿತು. ಮೂರು ತಿಂಗಳಾಗುವಷ್ಟರಲ್ಲಿ ಹೋದಳು. ಅವಳ ವಯಸ್ಸಿನವರು ಹಾಗೆ ಹೋಗುವುದು ಊರಿಗೆ ಗೊತ್ತಿದ್ದ ಸಂಗತಿಯೇ ಆಗಿತ್ತು. ‘ಹಾಸಿಗೆ ಹಿಡಿದಳು’ ಎಂಬ ಎರಡು ಮಾತಿನಲ್ಲಿ ಇಡೀ ಕಥೆ ಮುಗಿಯುತ್ತಿತ್ತು.

ಕಟ್ಟಿನವರನ್ನು ನಾನು ದೂರುವುದಿಲ್ಲ. ತೊಡೆಯ ಮೂಳೆ ಮೇಲ್ತುದಿಯಲ್ಲಿ ಒಳಕ್ಕೆ ಬಾಗಿ, ಕತ್ತಿನಂತೆ ಸಣ್ಣಗಾಗಿ, ಕೊನೆಗೆ ಒಂದು ಚೆಂಡಾಗುತ್ತದೆ. ಆ ಚೆಂಡು ಸೊಂಟದ ಎಲುಬಿನ ಬಟ್ಟಲಿನೊಳಗೆ ಕೂತು ತಿರುಗುತ್ತದೆ. ಚೆಂಡಿಗೆ ಬೇಕಾದ ರಕ್ತದ ಬಹುಪಾಲು ಆ ಕತ್ತಿನ ಮೇಲೆಯೇ ಹತ್ತಿಹೋಗುವ ಸಣ್ಣ ನಾಳಗಳಿಂದ ಬರಬೇಕು. ಕತ್ತು ಮುರಿದರೆ ನಾಳವೂ ಹರಿಯುತ್ತದೆ, ನೀರು ಸಿಗದ ಗಿಡದಂತೆ ಚೆಂಡು ಒಣಗುತ್ತದೆ. ಹೊರಗಿನಿಂದ ಎಷ್ಟು ಬಿಗಿದು ಕಟ್ಟಿದರೂ ಒಳಗಿನ ಆ ನಾಳ ಕೂಡುವುದಿಲ್ಲ. ಅಮೆರಿಕದ ಶಸ್ತ್ರವೈದ್ಯ ಕೆಲಾಗ್ ಸ್ಪೀಡ್ 1935ರಲ್ಲಿ ಇದನ್ನು ‘ಬಗೆಹರಿಯದ ಮುರಿತ’ ಎಂದೇ ಕರೆದ. ಷಿಕಾಗೋದ ದೊಡ್ಡ ಆಸ್ಪತ್ರೆಗಳಿಗೆ ಬಗೆಹರಿಯದ್ದು ಇಟ್ಟಿಗಿಯ ದಬ್ಬೆಗೆ ಬಗೆಹರಿಯಬೇಕಿತ್ತೆಂದು ಕೇಳುವುದು ನ್ಯಾಯವಲ್ಲ.

ಮುರಿದದ್ದು ಕೂಡದಿದ್ದರೆ ತೆಗೆದು ಬೇರೆಯದನ್ನು ಇಡಬಹುದಲ್ಲ ಎಂಬ ಯೋಚನೆ ಮಾತ್ರ ಹಳೆಯದು. 1890–91ರಲ್ಲಿ ಬರ್ಲಿನ್ನಿನ ಥೆಮಿಸ್ಟೋಕ್ಲೆಸ್ ಗ್ಲುಕ್ ಆನೆಯ ದಂತವನ್ನು ಕಡೆದು ಕೀಲು ಮಾಡಿ ಕೂರಿಸಿದ. ಅವನ ರೋಗಿಗಳಲ್ಲಿ ಹೆಚ್ಚಿನವರ ಕೀಲನ್ನು ಕ್ಷಯ ತಿಂದಿತ್ತು. ಕೊಳೆತ ಜಾಗದಲ್ಲಿ ದಂತ ನಿಲ್ಲಲಿಲ್ಲ, ಕೀವು ಕಟ್ಟಿತು, ತೆಗೆಯಬೇಕಾಯಿತು. ಬಾಸ್ಟನ್ನಿನ ಸ್ಮಿತ್-ಪೀಟರ್ಸನ್ ಒಬ್ಬ ರೋಗಿಯ ಬೆನ್ನಿನಲ್ಲಿ ಹೂತಿದ್ದ ಗಾಜಿನ ಚೂರನ್ನು ತೆಗೆದಾಗ ಅದರ ಸುತ್ತ ನುಣ್ಣನೆಯ ಪೊರೆ ಬೆಳೆದಿದ್ದನ್ನು ಕಂಡ. ಮೈ ಗಾಜನ್ನು ಒಪ್ಪಿಕೊಳ್ಳುತ್ತದೆಂದು 1923ರಲ್ಲಿ ಗಾಜಿನ ಚಿಪ್ಪು ಮಾಡಿ ತೊಡೆಯ ಚೆಂಡಿಗೆ ತೊಡಿಸಿದ. ಮೈಭಾರಕ್ಕೆ ಗಾಜು ಒಡೆಯಿತು. ಹದಿನೈದು ವರ್ಷದ ಮೇಲೆ, ಹಲ್ಲಿನ ವೈದ್ಯರು ಬಳಸುತ್ತಿದ್ದ ವೈಟಾಲಿಯಂ ಎಂಬ ಮಿಶ್ರಲೋಹ ಅವನ ಕೈಸೇರಿದಾಗ ಆ ಚಿಪ್ಪು ಗಟ್ಟಿಯಾಯಿತು. 1938ರಲ್ಲಿ ಲಂಡನ್ನಿನ ಫಿಲಿಪ್ ವೈಲ್ಸ್ ಚೆಂಡು, ಬಟ್ಟಲು ಎರಡನ್ನೂ ಉಕ್ಕಿನಲ್ಲೇ ಮಾಡಿ ಆರು ಜನರಿಗೆ ಕೂರಿಸಿದ. ಮರುವರ್ಷವೇ ಮಹಾಯುದ್ಧ. ಆ ಗದ್ದಲದಲ್ಲಿ ಕಡತಗಳೂ ಕಳೆದುಹೋದವು.

ದಂತದ ಕಥೆ ಅಲ್ಲಿಗೆ ಮುಗಿಯಲಿಲ್ಲ, ನಮ್ಮ ಮಗ್ಗುಲಿನ ಬರ್ಮಾದಲ್ಲಿ ಮತ್ತೆ ಚಿಗುರಿತು. 1960ರಲ್ಲಿ ಮಂಡಲೆಯ ಸರ್ಕಾರಿ ಆಸ್ಪತ್ರೆಯಲ್ಲಿ ಡಾ. ಸಾನ್ ಬಾ ಎಂಬುವರು ಎಂಬತ್ತಮೂರು ವರ್ಷದ ಬೌದ್ಧ ಸನ್ಯಾಸಿನಿಯೊಬ್ಬರ ಮುರಿದ ಸೊಂಟಕ್ಕೆ ದಂತದ ಚೆಂಡು ಹಾಕಿದರು. ಆಮೇಲಿನ ಎರಡು ದಶಕಗಳಲ್ಲಿ ಹಾಗೆ ಮುನ್ನೂರಕ್ಕೂ ಹೆಚ್ಚು. ಅಲ್ಲಿ ಪರದೇಶದ ಲೋಹಕ್ಕಿಂತ ದಂತವೇ ಸುಲಭವಾಗಿ ಸಿಗುತ್ತಿತ್ತು. 1969ರಲ್ಲಿ ಲಂಡನ್ನಿಗೆ ಹೋಗಿ ತಮ್ಮ ಫಲಿತಾಂಶ ಓದಿದಾಗ ಅವರು ಹೇಳಿದ್ದು: ನನ್ನ ರೋಗಿಗಳು ನಡೆಯುತ್ತಾರೆ, ಸೈಕಲ್ ತುಳಿಯುತ್ತಾರೆ, ಕುಕ್ಕರಗಾಲಿನಲ್ಲಿ ಕೂರುತ್ತಾರೆ. ಆ ಮೂರನೆಯದರ ಬೆಲೆ ನೆಲದ ಮೇಲೆ ಬದುಕುವ ನಮ್ಮಂಥವರಿಗೇ ಚೆನ್ನಾಗಿ ಗೊತ್ತು. ಇಷ್ಟಾದರೂ ಅವರ ಹೆಸರು ನಮ್ಮ ಕಡೆ ಯಾರಿಗೂ ಗೊತ್ತಿಲ್ಲ ಎಂಬುದು ನನಗೆ ಬೇಸರದ ವಿಷಯ.

ಈಗ ಮುಖ್ಯ ಮನುಷ್ಯನ ಹತ್ತಿರ ಬರುತ್ತೇನೆ. ಪ್ಯಾರಿಸ್ಸಿನ ಜುಡೆ ಸೋದರರು 1946ರಿಂದ ಅಕ್ರಿಲಿಕ್ ಚೆಂಡು ಹಾಕುತ್ತಿದ್ದರು. ಅಂಥ ಚೆಂಡು ಹಾಕಿಸಿಕೊಂಡ ಒಬ್ಬಾತ ಇಂಗ್ಲೆಂಡಿನ ಜಾನ್ ಚಾರ್ನ್ಲಿ ಎಂಬ ಶಸ್ತ್ರವೈದ್ಯನ ಬಳಿ ಬಂದ. ಊಟದ ಮೇಜಿನ ಕಡೆ ಬಾಗಿದಾಗೆಲ್ಲ ಅವನ ಸೊಂಟ ಕಿರುಗುಟ್ಟುತ್ತಿತ್ತು, ಹೆಂಡತಿಗೆ ಆ ಸದ್ದು ಸಹಿಸಲಾಗುತ್ತಿರಲಿಲ್ಲ. ಬೇರೆಯವರಾದರೆ ಕೇಳಿ ಸುಮ್ಮನಾಗುತ್ತಿದ್ದರೇನೋ. ನನ್ನ ಅಪ್ಪ ಗಾಲಿಯ ಸದ್ದು ಕೇಳಿದ ಹಾಗೆ ಚಾರ್ನ್ಲಿ ಅದನ್ನು ಕೇಳಿದ. ಸದ್ದಿದೆ ಎಂದರೆ ಉಜ್ಜಾಟವಿದೆ, ಉಜ್ಜಾಟವಿದ್ದರೆ ಕೂರಿಸಿದ್ದು ಇಂದಲ್ಲ ನಾಳೆ ಸಡಿಲವಾಗುತ್ತದೆ.

ಹುಟ್ಟಿದ ಕೀಲಿನಲ್ಲಿ ಎಲುಬಿನ ತುದಿಗೆ ಮೃದ್ವಸ್ಥಿಯ ಹೊದಿಕೆ, ನಡುವೆ ಅಂಟಂಟು ದ್ರವ. ಮಂಜುಗಡ್ಡೆಯ ಮೇಲೆ ಮಂಜುಗಡ್ಡೆ ಜಾರುವುದಕ್ಕಿಂತ ಅಲ್ಲಿನ ಜಾರು ಹೆಚ್ಚು. ಆ ದ್ರವ ಮೈ ತಾನೇ ಮಾಡಿಕೊಳ್ಳುವ ಕೀಲೆಣ್ಣೆ. ಆದರೆ ಲೋಹಕ್ಕೋ ಅಕ್ರಿಲಿಕ್ಕಿಗೋ ಅದು ಹಿಡಿಯುವುದಿಲ್ಲ, ಮೃದ್ವಸ್ಥಿಯ ಮೇಲೆ ಮಾತ್ರ ಕೆಲಸ ಮಾಡುತ್ತದೆ. ಹಾಗಾದರೆ ಎಣ್ಣೆಯನ್ನೇ ಬೇಡದ ಕೀಲು ಮಾಡಬೇಕು, ವಸ್ತುವೇ ಜಾರುವಂಥದ್ದಾಗಿರಬೇಕು ಎಂದು ಚಾರ್ನ್ಲಿ ನಿಶ್ಚಯಿಸಿದ. ಲ್ಯಾಂಕಶೈರ್ ಸೀಮೆಯ ರೈಟಿಂಗ್‌ಟನ್ ಆಸ್ಪತ್ರೆ ಕ್ಷಯದವರಿಗಾಗಿ ಕಟ್ಟಿದ್ದು. ನಮ್ಮ ಬಳ್ಳಾರಿಯಲ್ಲಿ ವೆಲ್ಲೆಸ್ಲಿ ಆಸ್ಪತ್ರೆ ಇದ್ದ ಹಾಗೆ. ಸ್ಟ್ರೆಪ್ಟೊಮೈಸಿನ್ ಎಂಬ ಔಷಧ ಬಂದ ಮೇಲೆ ಅಲ್ಲಿನ ಹಾಸಿಗೆಗಳು ಖಾಲಿಯಾದವು. ಆ ಖಾಲಿ ವಾರ್ಡುಗಳಲ್ಲಿ ಅವನು ಕೆಲಸ ಹಿಡಿದ.

ಜಾರುವ ವಸ್ತು, ಸಣ್ಣ ಚೆಂಡು, ಎಲುಬಿಗೆ ಕೂರಿಸುವ ಬಗೆ: ಅವನ ಈ ಮೂರು ಯೋಚನೆಗಳಲ್ಲಿ ಎರಡನೆಯದನ್ನು ಬಂಡಿ ಕಂಡವರಿಗೆ ಬಿಡಿಸಿ ಹೇಳಬೇಕಿಲ್ಲ. ಗಾಲಿ ಎಷ್ಟೇ ದೊಡ್ಡದಿರಲಿ, ಅಚ್ಚು ಸಣ್ಣದಿದ್ದಷ್ಟೂ ತಿರುಗುವುದು ಹಗುರ. ಉಜ್ಜಾಟ ನಡೆಯುವುದು ಅಚ್ಚಿನ ಮೈಮೇಲೆ, ಆ ಮೈ ನಡುವಿಗೆ ಹತ್ತಿರವಿದ್ದಷ್ಟೂ ಅದರ ಹಿಡಿತ ಕಡಿಮೆ. ಅಲ್ಲಿಯವರೆಗೆ ಎಲ್ಲರೂ ಮನುಷ್ಯನ ಚೆಂಡಿನಷ್ಟೇ ದಪ್ಪದ ಚೆಂಡು ಮಾಡುತ್ತಿದ್ದರು. ಚಾರ್ನ್ಲಿ ಅದನ್ನು ಸುಮಾರು 22 ಮಿಲಿಮೀಟರಿಗೆ ಇಳಿಸಿದ. ಗೋಲಿಗಿಂತ ತುಸು ದೊಡ್ಡದು, ಅಷ್ಟೆ. ಅದರ ಸುತ್ತ ದಪ್ಪ ಪ್ಲಾಸ್ಟಿಕ್ ಬಟ್ಟಲು. ಇವೆರಡನ್ನೂ ಎಲುಬಿಗೆ ಕೂರಿಸಲು, ಹಲ್ಲುಸೆಟ್ಟು ಮಾಡುವ ಅಕ್ರಿಲಿಕ್ ಹಿಟ್ಟನ್ನು ಮ್ಯಾಂಚೆಸ್ಟರಿನ ದಂತವೈದ್ಯಕೀಯದವರಿಂದ ತಂದ. ಇಂದಿಗೂ ನಾವು ‘ಸಿಮೆಂಟ್ ಹಾಕ್ಯಾರ’ ಎನ್ನುವುದು ಅದಕ್ಕೇ. ಅದು ಅಂಟಲ್ಲ. ಗೋಡೆಯ ಸಂದಿಗೆ ಗಾರೆ ತುಂಬಿದ ಹಾಗೆ ಎಲುಬಿನ ತೂತುಗಳಿಗೆ ಇಳಿದು ಗಟ್ಟಿಯಾಗುತ್ತದೆ.

1958ರ ಹೊತ್ತಿಗೆ ಅವನು ಆರಿಸಿಕೊಂಡ ಪ್ಲಾಸ್ಟಿಕ್ ಟೆಫ್ಲಾನ್. ಈಗ ನಮ್ಮ ಅಡುಗೆಮನೆಯ ದೋಸೆಕಾವಲಿಗೆ ಬಳಿಯುವುದು ಅದೇ. ಹಾಸಿಗೆ ಹಿಡಿದವರು ಎದ್ದು ನಡೆದರು. ಸುದ್ದಿ ಹಬ್ಬಿತು. ಸುಮಾರು ಮುನ್ನೂರು ಜನಕ್ಕೆ ಆಪರೇಷನ್ ಆಯಿತು. ಆಮೇಲೆ, ಒಂದೆರಡು ಮೂರು ವರ್ಷಗಳಲ್ಲಿ, ಒಬ್ಬೊಬ್ಬರೇ ಕುಂಟುತ್ತ ವಾಪಸು ಬಂದರು. ಉಕ್ಕಿನ ಚೆಂಡು ಟೆಫ್ಲಾನ್ ಬಟ್ಟಲನ್ನು ಕೊರೆದುಕೊಂಡು ಹೋಗಿತ್ತು. ಉದುರಿದ ಪುಡಿ ಸುತ್ತಲಿನ ಮಾಂಸವನ್ನು ಕೆಡಿಸಿ ಮೊಸರಿನಂಥ ಗಂಟುಗಳನ್ನು ಕಟ್ಟಿತ್ತು.

ಇಲ್ಲಿ ನಾನು ಸ್ವಲ್ಪ ನಿಲ್ಲುತ್ತೇನೆ. ಚಾರ್ನ್ಲಿ ತಾನು ಹಾಕಿದ್ದನ್ನು ತಾನೇ ತೆಗೆದ, ಒಬ್ಬೊಬ್ಬರದಾಗಿ. ಹೊಗಳಿಸಿಕೊಂಡ ಜಾಗದಲ್ಲೇ ತಪ್ಪಾಯಿತೆಂದು ಒಪ್ಪಿಕೊಂಡ. ಆ ಪುಡಿ ಮೈಯೊಳಗೆ ಏನು ಮಾಡುತ್ತದೆಂದು ತಿಳಿಯಲು ಟೆಫ್ಲಾನ್ ತುಣುಕುಗಳನ್ನು ತನ್ನ ತೊಡೆಗೇ ಸೇರಿಸಿಕೊಂಡ. ತಿಂಗಳುಗಳ ಮೇಲೆ ಅಲ್ಲಿ ಗಂಟು ಬೆಳೆದು ಕೈಗೆ ಸಿಗುತ್ತಿತ್ತು. ಅದನ್ನು 1963ರಲ್ಲಿ ಲ್ಯಾನ್ಸೆಟ್ ಪತ್ರಿಕೆಗೆ ಬರೆದು ತಿಳಿಸಿದ. ವೈದ್ಯನೊಬ್ಬ ರೋಗಿಯ ನೋವನ್ನು ಇಷ್ಟು ಹತ್ತಿರಕ್ಕೆ ತಂದುಕೊಂಡದ್ದನ್ನು ಓದಿದಾಗಲೆಲ್ಲ ನನಗೆ ಕೈಮುಗಿಯಬೇಕೆನ್ನಿಸುತ್ತದೆ.

ದಾರಿ ತೋರಿದ್ದು ಮಗ್ಗ. 1962ರ ಮೇ ತಿಂಗಳಲ್ಲಿ ಒಬ್ಬ ಮಾರಾಟಗಾರ ರೈಟಿಂಗ್‌ಟನ್ನಿಗೆ ಬಂದ. ಲ್ಯಾಂಕಶೈರಿನ ಬಟ್ಟೆ ಗಿರಣಿಗಳ ಮಗ್ಗಗಳಿಗೆ ಪ್ಲಾಸ್ಟಿಕ್ ಹಲ್ಲುಗಾಲಿ ಒದಗಿಸುತ್ತಿದ್ದವನು. ಅವನ ಬಳಿಯಿದ್ದ ಹೊಸ ಪಾಲಿಎಥಿಲೀನ್ ತುಂಡನ್ನು ಆಸ್ಪತ್ರೆಯ ಕಾರ್ಯಾಗಾರದ ಕುಶಲಕರ್ಮಿ ಹ್ಯಾರಿ ಕ್ರೇವನ್ ಚಾರ್ನ್ಲಿಗೆ ತೋರಿಸಿದ. ಚಾರ್ನ್ಲಿ ಹೆಬ್ಬೆರಳ ಉಗುರಿನಿಂದ ಒತ್ತಿ ನೋಡಿ, ಇದರಿಂದ ಆಗುವುದಿಲ್ಲವೆಂದು ಬಿಟ್ಟು ಕೋಪನ್‌ಹೇಗನ್ನಿಗೆ ಹೊರಟುಹೋದ. ಕ್ರೇವನ್ ಬಿಡಲಿಲ್ಲ. ಸವೆತ ಅಳೆಯುವ ಯಂತ್ರಕ್ಕೆ ಆ ತುಂಡನ್ನು ಹಾಕಿ ಹಗಲೂ ರಾತ್ರಿ ಓಡಿಸಿದ. ಟೆಫ್ಲಾನ್ ಒಂದು ದಿನದಲ್ಲಿ ಸವೆಯುವಷ್ಟು ಇದು ಮೂರು ವಾರವಾದರೂ ಸವೆದಿರಲಿಲ್ಲ. ಅದೇ ವರ್ಷದ ನವೆಂಬರಿನಲ್ಲಿ ಈ ಬಟ್ಟಲಿನ ಮೊದಲ ಸೊಂಟ ಕೂತಿತು. ಚಾರ್ನ್ಲಿಗೆ 1977ರಲ್ಲಿ ಸರ್ ಪದವಿ ಬಂತು. ಕ್ರೇವನ್‌ನ ಹೆಸರನ್ನೂ ಅದರ ಪಕ್ಕದಲ್ಲೇ ಬರೆಯಬೇಕೆಂಬುದು ನನ್ನ ಹಟ. ಅಚ್ಚು ತಿದ್ದುವ ಕಮ್ಮಾರನ ಹೆಸರು ಬಂಡಿಯ ಮೇಲೆ ಇರುವುದಿಲ್ಲವೆಂದು ಬಲ್ಲ ಊರಿನವನು ನಾನು.

ಉಳಿದಿದ್ದ ಶತ್ರು ಕೀವು. ಆಪರೇಷನ್ ಕೋಣೆಯ ಗಾಳಿಯನ್ನೇ ಸೋಸುವ ಗೂಡು ಕಟ್ಟಿಸಿ, ನೂರಕ್ಕೆ ಏಳರಷ್ಟಿದ್ದ ಸೋಂಕನ್ನು ಕೊನೆಗೆ ಒಂದಕ್ಕಿಂತ ಕೆಳಕ್ಕೆ ತಂದರು. 2007ರಲ್ಲಿ ಅದೇ ಲ್ಯಾನ್ಸೆಟ್ ಪತ್ರಿಕೆ ಇದನ್ನು ಶತಮಾನದ ಆಪರೇಷನ್ ಎಂದು ಕರೆಯಿತು.

ಆ ಶತಮಾನದ ಆಪರೇಷನ್ ನಮ್ಮ ನೆಲದಲ್ಲಿ ಯಾರಿಗೆ ಬೇಕಿತ್ತು? ಇದನ್ನು ಯೋಚಿಸಿದಾಗಲೆಲ್ಲ ನನಗೆ ಸಾಗರ ತಾಲ್ಲೂಕಿನ ಹಂದಿಗೋಡು ನೆನಪಾಗುತ್ತದೆ. 1970ರ ದಶಕದ ನಡುವಿನಲ್ಲಿ ಆ ಊರಿನ ದಲಿತ ಕೇರಿಗಳಲ್ಲಿ, ಚಲವಾದಿ ಮತ್ತು ಚನ್ನಂಗಿ ಕುಟುಂಬಗಳಲ್ಲಿ, ದುಡಿಯುವ ವಯಸ್ಸಿನವರ ಸೊಂಟದ ಕೀಲುಗಳೇ ಕರಗುತ್ತಿರುವುದು ಹೊರಜಗತ್ತಿಗೆ ತಿಳಿಯಿತು. ಗದ್ದೆ ನಾಟಿಗೆ ಬಾಗುತ್ತಿದ್ದವರು ಕೋಲು ಹಿಡಿದರು, ಕೆಲವರು ನೆಲಕ್ಕೆ ಕೈಯೂರಿ ತೆವಳಿದರು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ತಜ್ಞರು ಬಂದರು. ಗದ್ದೆಗೆ ಹೊಡೆದ ಕೀಟನಾಶಕ, ಆ ಗದ್ದೆಯ ಏಡಿ ತಿಂದದ್ದು ಕಾರಣವಿರಬಹುದೆಂಬ ಶಂಕೆ ಮೊದಲು ಎದ್ದಿತು. ಮುಂದಿನ ಅಧ್ಯಯನಗಳು ಇದು ತಲೆಮಾರಿನಿಂದ ತಲೆಮಾರಿಗೆ ಇಳಿಯುವ ಎಲುಬಿನ ದೋಷವೆಂದು ತೋರಿಸಿದವು. ವೈದ್ಯಗ್ರಂಥಗಳಲ್ಲಿ ಅದಕ್ಕೆ ಹಂದಿಗೋಡು ಕಾಯಿಲೆ ಎಂದೇ ಹೆಸರು. ರೈಟಿಂಗ್‌ಟನ್ನಿನಲ್ಲಿ ಮೊದಲ ಪಾಲಿಎಥಿಲೀನ್ ಬಟ್ಟಲು ಕೂತು ಆಗಲೇ ಹನ್ನೆರಡು ವರ್ಷ ಕಳೆದಿತ್ತು. ದಿನಗೂಲಿಯವನ ಸೊಂಟದಿಂದ ಆ ಬಟ್ಟಲು ಎಷ್ಟು ದೂರವಿತ್ತೆಂಬುದನ್ನು ಮೈಲಿಯಲ್ಲಿ ಅಳೆಯಲಾಗುವುದಿಲ್ಲ.

ನಮ್ಮ ಸೀಮೆಗಂತೂ ಆಸ್ಪತ್ರೆಯೇ ದೂರ. ಬಳ್ಳಾರಿಯಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಶುರುವಾದದ್ದು 1961ರಲ್ಲಿ, ದಾವಣಗೆರೆಯಲ್ಲಿ ಜೆ.ಜೆ.ಎಂ. ಕಾಲೇಜು 1965ರಲ್ಲಿ. ಆ ಮೇಲೂ ಎಷ್ಟೋ ವರ್ಷ ಕೀಲು ಬದಲಿ ಎಂದರೆ ಮುಂಬಯಿ, ಬೆಂಗಳೂರು. 2000ದ ಅಕ್ಟೋಬರಿನಲ್ಲಿ ಪ್ರಧಾನಿ ವಾಜಪೇಯಿಯವರ ಎಡಮಂಡಿಯನ್ನು ಡಾ. ಚಿತ್ತರಂಜನ್ ರಾಣಾವತ್ ಮುಂಬಯಿಯಲ್ಲಿ ಬದಲಿಸಿದಾಗ ಊರ ಕಟ್ಟೆಯ ಮೇಲೂ ಅದೇ ಮಾತು. ಮಂಡಿ ಬದಲಿಸಬಹುದಾದರೆ ಟೊಂಕವನ್ನೂ ಬದಲಿಸಬಹುದಲ್ಲ ಎಂದು ಜನ ಕೇಳತೊಡಗಿದ್ದು ಆಗಲೇ. ಆಮೇಲೆ ನಮ್ಮ ಭಾಷೆಗೆ ಹೊಸ ಮಾತುಗಳು ಬಂದವು: ‘ಬಾಲ್ ಸವದೈತಿ’, ‘ಬಾಲ್ ಹಾಕಿಸ್ಯಾರ’.

ಆ ಬಾಲ್ ಯಾವಾಗಲೂ ಒಳ್ಳೆಯದೇ ಆಗಿರಲಿಲ್ಲ. ಡೆಪ್ಯು ಕಂಪನಿಯ ಎಎಸ್‌ಆರ್ ಎಂಬ ಕೀಲಿನಲ್ಲಿ ಚೆಂಡೂ ಲೋಹ, ಬಟ್ಟಲೂ ಲೋಹ. ಉಜ್ಜಾಟದಿಂದ ಕೋಬಾಲ್ಟ್, ಕ್ರೋಮಿಯಂ ರಕ್ತಕ್ಕೆ ಇಳಿಯುತ್ತಿತ್ತು. 2010ರ ಆಗಸ್ಟಿನಲ್ಲಿ ಜಗತ್ತಿನಾದ್ಯಂತ ಅದನ್ನು ಹಿಂತೆಗೆದುಕೊಂಡರು. ಅಷ್ಟರಲ್ಲಿ ಭಾರತದಲ್ಲಿ ಸುಮಾರು 4,700 ಆಪರೇಷನ್ ಆಗಿತ್ತು. ಹಾಕಿಸಿಕೊಂಡವರಲ್ಲಿ ಬಹಳ ಜನರ ವಿಳಾಸವೇ ಸಿಗಲಿಲ್ಲ. ಪರಿಹಾರ 30 ಲಕ್ಷದಿಂದ 1.23 ಕೋಟಿ ರೂಪಾಯಿವರೆಗೆಂದು ಸರ್ಕಾರ ನಿಗದಿ ಮಾಡಿದ್ದು 2018ರ ಕೊನೆಗೆ. ಉಜ್ಜಾಟದ ಪುಡಿ ಏನು ಮಾಡುತ್ತದೆಂದು ಅರ್ಧ ಶತಮಾನದ ಹಿಂದೆಯೇ ಒಬ್ಬ ತನ್ನ ತೊಡೆಯಲ್ಲಿ ಇಟ್ಟುಕೊಂಡು ತೋರಿಸಿದ್ದ. ಅದಾದ ಮೇಲೂ ಹೀಗಾಯಿತು ಎಂಬುದಕ್ಕೆ ನನಗೆ ಸಿಟ್ಟು ಬರುತ್ತದೆ.

ಹಣದ ಕಥೆ ಬೇರೆ. 2017ರ ಆಗಸ್ಟಿನಲ್ಲಿ ಮಂಡಿಯ ಕೀಲಿಗೆ ಕೇಂದ್ರ ಸರ್ಕಾರ ಬೆಲೆಯ ಮಿತಿ ಹಾಕಿತು, ಸೊಂಟದ ಕೀಲು ಆ ಆದೇಶದಲ್ಲಿ ಸೇರಲಿಲ್ಲ. 2018ರಲ್ಲಿ ಆಯುಷ್ಮಾನ್ ಭಾರತ–ಆರೋಗ್ಯ ಕರ್ನಾಟಕ ಬಂದು, ಬಿಪಿಎಲ್ ಕಾರ್ಡಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗಿನ ಚಿಕಿತ್ಸೆಯ ದಾರಿ ತೆರೆಯಿತು. 2021ರಲ್ಲಿ ನಮ್ಮ ತಾಲ್ಲೂಕುಗಳೆಲ್ಲ ಸೇರಿ ವಿಜಯನಗರ ಜಿಲ್ಲೆಯಾಯಿತು. ಅವ್ವ ಬಿದ್ದದ್ದು ಇದೆಲ್ಲ ಆದ ಮೇಲೆ.

ಅಜ್ಜಿ ಬಿದ್ದ ಬಚ್ಚಲಲ್ಲೇ. ಪಾದ ಹಾಗೆಯೇ ಹೊರಕ್ಕೆ ವಾಲಿತ್ತು. ನೋಡಿದ ಕೂಡಲೇ ನನ್ನ ಕೈ ತಣ್ಣಗಾಯಿತು. ಈ ಸಲ ಯಾರೂ ದಬ್ಬೆ ತರಲಿಲ್ಲ, ಆಂಬುಲೆನ್ಸ್ ತರಿಸಿದೆವು. ಎರಡು ದಿನದ ಮೇಲೆ ಆಪರೇಷನ್. ಬೆನ್ನಿಗೆ ಸೂಜಿ ಹಾಕಿ ಸೊಂಟದ ಕೆಳಗಷ್ಟೇ ಮರಗಟ್ಟಿಸಿದ್ದರಿಂದ ಅವ್ವನಿಗೆ ಎಲ್ಲ ಕೇಳುತ್ತಿತ್ತು. ‘ಬಡಗ್ಯಾರು ಗಾಲಿಗೆ ಆರ ಬಡದಂಗ ಬಡದ್ರು ನೋಡಪ’ ಎಂದು ಆಮೇಲೆ ಹೇಳಿದಳು. ಸರಿಯಾಗಿಯೇ ಕೇಳಿಸಿಕೊಂಡಿದ್ದಳು. ಮುರಿದ ಚೆಂಡನ್ನು ತೆಗೆದು, ಬಟ್ಟಲನ್ನು ಕೊರೆದು ನುಣುಪು ಮಾಡಿ ಹೊಸ ಬಟ್ಟಲು ಕೂರಿಸುತ್ತಾರೆ. ತೊಡೆಯ ಮೂಳೆಯ ಪೊಳ್ಳಿನೊಳಗೆ ಲೋಹದ ಕಾಂಡವನ್ನು ಸುತ್ತಿಗೆಯಿಂದಲೇ ಇಳಿಸಿ, ತುದಿಗೆ ಹೊಸ ಚೆಂಡು ಹಾಕಿ, ಬಟ್ಟಲಿಗೆ ಸೇರಿಸುತ್ತಾರೆ.

ಮರುದಿನ ಬೆಳಗ್ಗೆ ಫಿಸಿಯೋಥೆರಪಿಯ ಹುಡುಗಿ ವಾಕರ್ ಹಿಡಿದು ಬಂದಳು. ‘ಎದ್ದೇಳ್ರಿ ಅಮ್ಮಾ’ ಎಂದಳು. ನಾನು ತಡೆಯಲು ಹೋದೆ. ನನ್ನ ತಲೆಯೊಳಗೆ ಇನ್ನೂ ಅಜ್ಜಿಯ ಹಾಸಿಗೆಯೇ ಇತ್ತು. ಚಾರ್ನ್ಲಿಯ ಕಾಲದಲ್ಲಿ ವಾರಗಟ್ಟಲೆ ಮಲಗಿಸುತ್ತಿದ್ದರಂತೆ, ಈಗ ಮಲಗಿಸಿದರೇ ಅಪಾಯ ಎಂದು ಅವಳೇ ವಿವರಿಸಿದಳು. ಮಲಗಿದಷ್ಟೂ ಮೀನಖಂಡದ ನಾಳದಲ್ಲಿ ರಕ್ತ ಹೆಪ್ಪುಗಟ್ಟಿ ಎದೆಗೆ ಹೋಗಬಹುದು, ಕಫ ಕಟ್ಟಬಹುದು, ಬೆನ್ನು ಹುಣ್ಣಾಗಬಹುದು. ಅವ್ವ ವಾಕರ್ ಹಿಡಿದು ನಿಂತಳು. ಬೆರಳ ಗಿಣ್ಣು ಬೆಳ್ಳಗಾಗುವಷ್ಟು ಬಿಗಿಯಾಗಿ ಹಿಡಿದಿದ್ದಳು. ಒಂದು ಹೆಜ್ಜೆ, ಇನ್ನೊಂದು, ಕಿಟಕಿಯವರೆಗೆ ನಾಲ್ಕು.

ಕಷ್ಟ ಇದ್ದದ್ದು ಮನೆಗೆ ಬಂದ ಮೇಲೆ. ಈ ಕೀಲನ್ನು ಕಂಡುಹಿಡಿದವರು ಕುರ್ಚಿಯ ಮೇಲೆ ಬದುಕುವ ಜನ, ನಾವು ನೆಲದ ಮೇಲಿನವರು. ಚೆಂಡು ಬಟ್ಟಲಿನಿಂದ ಜಾರದಂತೆ ಸುತ್ತಲಿನ ಮಾಂಸ ಬಿಗಿಯಾಗುವವರೆಗೆ, ಮೊದಲ ಎರಡು ಮೂರು ತಿಂಗಳು, ಸೊಂಟ ಲಂಬಕೋನ ಮೀರಿ ಮಡಚಬಾರದು. ಕಾಲ ಮೇಲೆ ಕಾಲು ಹಾಕಬಾರದು. ಮಗ್ಗುಲಾದರೆ ಕಾಲುಗಳ ನಡುವೆ ದಿಂಬು ಇರಬೇಕು. ಒಲೆಯ ಮುಂದಿನ ಮಣೆ ಹೋಯಿತು, ಚಕ್ಕಳಮಕ್ಕಳ ಕೂತು ಉಣ್ಣುವುದು ಹೋಯಿತು. ಮಂಚದ ಕಾಲುಗಳಿಗೆ ಇಟ್ಟಿಗೆ ಕೊಟ್ಟು ಎತ್ತರಿಸಿದೆವು. ಬಚ್ಚಲಲ್ಲಿ ಕಮೋಡ್ ಕೂರಿಸಿ, ಗೋಡೆಗೆ ಹಿಡಿಕೆ ಹಾಕಿಸಿದೆವು. ನಮ್ಮ ಹಳೇ ಮನೆಯ ಹೊಸ್ತಿಲು ಗೇಣೆತ್ತರ. ‘ಹತ್ತುವಾಗ ಒಳ್ಳೆ ಕಾಲು ಮುಂದ, ಇಳಿಯುವಾಗ ಆಪರೇಷನ್ ಕಾಲು ಮುಂದ’ ಎಂದು ಆ ಹುಡುಗಿ ಕಲಿಸಿದ್ದನ್ನು ಅವ್ವ ಗಿಣಿಪಾಠದಂತೆ ಬಾಯಲ್ಲಿ ಅಂದುಕೊಂಡೇ ದಾಟುತ್ತಿದ್ದಳು. ಮಠದ ಸ್ವಾಮಿಗಳು ನೋಡಲು ಬಂದ ದಿನ ಎಲ್ಲ ಮರೆತು ಪಾದಕ್ಕೆ ಬಾಗಹೊರಟಳು. ಸ್ವಾಮಿಗಳೇ ಎರಡು ಹೆಜ್ಜೆ ಹಿಂದೆ ಸರಿದು, ‘ನಿಂತೇ ಕೈಮುಗಿರಿ ತಾಯಿ’ ಎಂದರು.

ಮೂರನೆಯ ತಿಂಗಳಿಗೆ ವಾಕರ್ ಬಿಟ್ಟು ಕೋಲು ಹಿಡಿದಳು. ಒಂದು ಸಂಜೆ ಕಟ್ಟೆಯ ಮೇಲೆ ಎತ್ತರದ ಕುರ್ಚಿ ಹಾಕಿಕೊಂಡು ಕೂತಿದ್ದಾಗ ಅವಳಿಗೆ ಚಾರ್ನ್ಲಿಯ ಕಥೆ ಹೇಳಿದೆ. ತನ್ನ ರೋಗಿಗಳನ್ನು ಅವನು ಒಂದು ಮಾತು ಕೇಳಿಕೊಳ್ಳುತ್ತಿದ್ದ: ನೀವು ಸತ್ತ ಮೇಲೆ ಆ ಕೀಲನ್ನು ನಮಗೆ ವಾಪಸು ಕೊಡಿ, ಎಷ್ಟು ಸವೆದಿದೆ ನೋಡಬೇಕು. ಬಹಳ ಜನ ಒಪ್ಪಿ ಕೊಟ್ಟರು. ಮುಂದಿನವರ ಬಟ್ಟಲು ಸುಧಾರಿಸಿದ್ದು ಹಾಗೆ.

ಅವ್ವ ಬಹಳ ಹೊತ್ತು ಸುಮ್ಮನಿದ್ದಳು. ನಮ್ಮದು ಲಿಂಗಾಯತರ ಮನೆ, ತೀರಿಹೋದವರನ್ನು ಪದ್ಮಾಸನದಲ್ಲಿ ಕೂರಿಸಿ ಮಣ್ಣು ಮಾಡುತ್ತೇವೆ.

‘ನನ್ನ ಹೆಂಗ ಕುಂದ್ರಸ್ತೀರಿ?’ ಎಂದಳು. ‘ಕಾಲ ಮಡಚಬ್ಯಾಡ ಅಂದಾರಲ್ಲ.’

ಮುಂದಿನ ಸಲ ತೋರಿಸಲು ಹೋದಾಗ ಅದನ್ನು ಡಾಕ್ಟರನ್ನೇ ಕೇಳಿದಳು. ಅವರು ಬರೆಯುತ್ತಿದ್ದ ಪೆನ್ನು ಕೆಳಗಿಟ್ಟು, ಅವಳ ಕೈ ಹಿಡಿದುಕೊಂಡು, ಆ ಹೊತ್ತಿಗೆ ಯಾವ ಕಟ್ಟುಪಾಡೂ ಇಲ್ಲ ಅಮ್ಮಾ, ಎಲ್ಲರ ಹಾಗೇ ಕೂರಬಹುದು ಎಂದರು. ಅವ್ವ ತಲೆದೂಗಿದಳು. ಸೆರಗು ಸರಿಮಾಡಿಕೊಂಡು, ಕೋಲೂರಿ ಎದ್ದು, ಮೆಟ್ಟಿಲ ಹತ್ತಿರ ಒಂದು ಗಳಿಗೆ ನಿಂತು, ಆಪರೇಷನ್ ಕಾಲನ್ನು ಮುಂದಿಟ್ಟು ಇಳಿದಳು.